ಕಾಲು ಹೆಚ್ಚಿದಷ್ಟೂ ಲೆಕ್ಕಾಚಾರ ಕಡಿಮೆ

ಎಲ್ಲರಿಗೂ ನಮಸ್ಕಾರ.

1994ರಲ್ಲಿ ಅಲಾಸ್ಕಾದ ಸ್ಪರ್ ಜ್ವಾಲಾಮುಖಿಯ ಕುಳಿಗೆ ಡಾಂಟೆ-2 ಎಂಬ ಎಂಟು ಕಾಲಿನ ರೋಬಾಟ್ ಇಳಿಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಕಟ್ಟಿದ ಯಂತ್ರ ಅದು. ಕುಳಿಯ ತಳ ಮುಟ್ಟಿ ಅಲ್ಲಿನ ಅನಿಲಗಳನ್ನು ಪರೀಕ್ಷಿಸಿತು. ಹತ್ತಿ ಬರುವಾಗ ಮಾತ್ರ ಇಳಿಜಾರಿನಲ್ಲಿ ಮಗುಚಿತು. ತಾನಾಗಿ ಏಳುವ ಶಕ್ತಿ ಅದಕ್ಕಿರಲಿಲ್ಲ. ಅಷ್ಟು ದೂರ ಹೋಗಿದ್ದೇ ದೊಡ್ಡ ಸಾಧನೆ, ನಿಜ. ಆದರೆ ಎಂಟು ಕಾಲುಗಳಿದ್ದೂ ಬಿದ್ದದ್ದೇಕೆ ಎಂದು ಕೇಳಿಕೊಳ್ಳಲೇಬೇಕು.

ಇದಕ್ಕೆ ಒಂದು ಸುಳಿವು ಜಿರಳೆಯಿಂದ ಸಿಕ್ಕಿತು. ಬರ್ಕ್ಲಿಯ ಜೀವವಿಜ್ಞಾನಿ ರಾಬರ್ಟ್ ಫುಲ್ ಅವರ ಪ್ರಯೋಗಾಲಯದಲ್ಲಿ ಓಡುವ ಜಿರಳೆಯ ಬೆನ್ನಿಗೆ ಪುಟ್ಟ ಫಿರಂಗಿಯೊಂದನ್ನು ಕಟ್ಟಿ, ಅದು ಓಡುತ್ತಿರುವಾಗಲೇ ಪಕ್ಕಕ್ಕೆ ಸಿಡಿಸಿದರು. ಜಿರಳೆ ವಾಲಿತು, ಒಂದು ಹೆಜ್ಜೆ ಮುಗಿಯುವುದರೊಳಗೆ ಸರಿಹೋಯಿತು. ಏಟಿನ ಸುದ್ದಿ ನರಗಳಲ್ಲಿ ಸಾಗಿ, ಉತ್ತರ ಬಂದು, ಸ್ನಾಯು ಎಳೆಯುವುದಕ್ಕೆ ಅಷ್ಟು ಹೊತ್ತು ಸಾಲದು. ಅದನ್ನು ತಡೆದು ನಿಲ್ಲಿಸಿದ್ದು ಬಹುಮಟ್ಟಿಗೆ ಕಾಲುಗಳೇ: ಅಗಲಕ್ಕೆ ಚಾಚಿದ ನಿಲುವು, ಸ್ಪ್ರಿಂಗಿನಂತೆ ಮಣಿದು ಮರಳುವ ಕೀಲು. ಯೋಚಿಸುವ ಕೆಲಸದಲ್ಲಿ ದೇಹಕ್ಕೂ ಪಾಲಿದೆ ಎಂದು ತೋರಿಸಿದ ಈ ಪ್ರಯೋಗ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಇದೇ ಕಾಲಘಟ್ಟದಲ್ಲಿ ಬಂದ ರೆಕ್ಸ್ ಎಂಬ ರೋಬಾಟಿಗೆ ಆರು ಕಾಲು, ಒಂದೊಂದು ಕಾಲಿಗೂ ಒಂದೇ ಮೋಟಾರ್. ಮೊಣಕಾಲಿಲ್ಲ, ಪಾದವಿಲ್ಲ, ಅರ್ಧಚಂದ್ರದಂತೆ ಬಾಗಿದ, ಒತ್ತಿದರೆ ಮಣಿಯುವ ಪಟ್ಟಿಯೇ ಕಾಲು. ಮೂರು ಕಾಲು ನೆಲದ ಮೇಲಿದ್ದರೆ ಉಳಿದ ಮೂರು ಸುತ್ತಿ ಮುಂದೆ ಬರುತ್ತವೆ. ಇಷ್ಟು ಸರಳ ಯಂತ್ರ ಕಲ್ಲು, ಹುಲ್ಲು, ಮೆಟ್ಟಿಲು ಎಲ್ಲವನ್ನೂ ದಾಟಿತು.

ಇನ್ನು ಶತಪದಿಯಂತೆ ಸಾಲು ಕಾಲುಗಳಿರುವ ರೋಬಾಟಿಗೆ ಬರೋಣ. ನನಗೆ ಹೆಚ್ಚು ಪ್ರಿಯವಾದ ಭಾಗ ಇದೇ. 1948ರಲ್ಲಿ ಕ್ಲಾಡ್ ಶಾನನ್ ಸಂವಹನದ ಗಣಿತವನ್ನು ರೂಪಿಸಿದರು. ಗದ್ದಲದ ತಂತಿಯಲ್ಲಿ ಸಂದೇಶ ಕೆಡದೆ ತಲುಪಬೇಕಾದರೆ ಅದರಲ್ಲಿ ಒಂದಿಷ್ಟು ಪುನರುಕ್ತಿ ಇರಬೇಕು. ಫೋನಿನಲ್ಲಿ ಸರಿಯಾಗಿ ಕೇಳಿಸದಿದ್ದಾಗ ನಾವು ಹೆಸರನ್ನು ಎರಡೆರಡು ಸಲ ಹೇಳುವ ಹಾಗೆ. ಜಾರ್ಜಿಯಾ ಟೆಕ್‌ನ ಡೇನಿಯಲ್ ಗೋಲ್ಡ್‌ಮನ್ ಅವರ ತಂಡ 2023ರಲ್ಲಿ ಈ ವಿಚಾರವನ್ನು ನಡಿಗೆಗೆ ಅನ್ವಯಿಸಿತು. ಉಬ್ಬುತಗ್ಗಿನ ನೆಲವೇ ಗದ್ದಲ, ಒಂದೊಂದು ಹೆಜ್ಜೆಯೂ ಸಂದೇಶದ ತುಣುಕು. ಒಂದು ಕಾಲು ಹಳ್ಳದ ಮೇಲೆ ಗಾಳಿಯಲ್ಲಿ ತೂಗಿದರೇನಂತೆ, ಅದರ ಹಿಂದಿನ ಕಾಲು ನೆಲ ಮುಟ್ಟೀತು. ಆರು ಕಾಲಿನಿಂದ ಶುರುಮಾಡಿ ಎರಡೆರಡಾಗಿ ಸೇರಿಸುತ್ತ ಹದಿನಾರರವರೆಗೆ ಹೋದರು. ಕಾಲುಗಳು ಸಾಕಷ್ಟಾದಾಗ ರೋಬಾಟ್ ಕ್ಯಾಮೆರಾ ಇಲ್ಲದೆ, ನೆಲವನ್ನು ಅರಿಯುವ ಸೆನ್ಸರ್ ಇಲ್ಲದೆ, ಮೊದಲೇ ಹೇಳಿಕೊಟ್ಟ ಲಯದಲ್ಲೇ ಒರಟು ನೆಲವನ್ನು ದಾಟಿತು.

ಕ್ಯಾಮೆರಾ ಬೇಡವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಕುಸಿದ ಕಟ್ಟಡದಡಿ ಜನರನ್ನು ಹುಡುಕುವ ಯಂತ್ರಕ್ಕೆ ಕಣ್ಣು ಬೇಕು. ಆದರೆ ಧೂಳಿನಲ್ಲಿ ಆ ಕಣ್ಣು ಮಂಕಾದ ಮೇಲೂ ನಡಿಗೆ ನಿಲ್ಲಬಾರದಲ್ಲವೇ? ಪ್ರತಿ ಹೆಜ್ಜೆಯನ್ನೂ ನೋಡಿಯೇ ಇಡಬೇಕಾದ ರೋಬಾಟಿಗೆ ಅಂಥ ಜಾಗದಲ್ಲಿ ಬಹಳ ಕಷ್ಟ.

ಕಾಲು ಹೆಚ್ಚಾದರೆ ತೊಡಕೂ ಇದೆ. ಮೋಟಾರ್ ಹೆಚ್ಚುತ್ತವೆ, ತೂಕ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಷ್ಟೊಂದು ಕಾಲು ನೆಲಕ್ಕೂರಿದ ಉದ್ದ ದೇಹವನ್ನು ತಿರುಗಿಸುವುದು ಕಷ್ಟ. ಒಸಾಕಾ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಕಂಡುಕೊಂಡ ದಾರಿ ಸೊಗಸಾಗಿದೆ. ಅವರ ರೋಬಾಟಿನ ದೇಹದಲ್ಲಿ ಆರು ಖಂಡಗಳು, ಖಂಡಕ್ಕೆರಡು ಕಾಲು, ನಡುವೆ ಬಾಗುವ ಕೀಲು. ಕೀಲಿನ ಬಿಗಿತವನ್ನು ಒಂದು ಮಿತಿಗಿಂತ ಸಡಿಲಿಸಿದರೆ ನೇರ ನಡಿಗೆ ತಾನಾಗಿ ಅಸ್ಥಿರವಾಗಿ ದೇಹ ಬಿಲ್ಲಿನಂತೆ ಬಾಗುತ್ತದೆ, ರೋಬಾಟ್ ತಿರುವು ತೆಗೆದುಕೊಳ್ಳುತ್ತದೆ. ಎಷ್ಟು ಸಡಿಲಿಸುತ್ತೇವೋ ಅದರ ಮೇಲೆ ಎಷ್ಟು ಬಾಗುತ್ತದೆ ಎಂಬುದು ನಿಂತಿದೆ. ಎಂಜಿನಿಯರುಗಳು ಸಾಮಾನ್ಯವಾಗಿ ಹೆದರಿ ದೂರವಿಡುವ ಅಸ್ಥಿರತೆಯನ್ನೇ ಇಲ್ಲಿ ಚುಕ್ಕಾಣಿಯಾಗಿ ಹಿಡಿದಿದ್ದಾರೆ. ಕಲ್ಲುಮಣ್ಣಿನ ರಾಶಿಯ ಮೇಲೆ, ನಡೆಯುತ್ತಿರುವಾಗಲೇ, ಯಾವ ಕೀಲನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಯಂತ್ರವೇ ನಿರ್ಧರಿಸುವಂತಾಗಬೇಕು. ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗಳು ಕೈಹಾಕಬೇಕಾದ ಕೆಲಸ ಅದು ಎಂದು ನಾನು ನಂಬಿದ್ದೇನೆ.