ಕಿವಿಮೊರೆತ: ಅಡಗಿಸುವುದಲ್ಲ, ಪಳಗಿಸುವುದು

ಸ್ನೇಹಿತರೇ, ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯಲ್ಲೋ ತಲೆಯೊಳಗೋ ಗುಂಯ್‌ ಎಂದೋ ಕೀಂ ಎಂದೋ ಕೇಳಿಸುವುದೇ ಕಿವಿಮೊರೆತ. ವೈದ್ಯರ ಮಾತಿನಲ್ಲಿ ಟಿನ್ನಿಟಸ್. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ಶೇ. 94ರಷ್ಟು ಮಂದಿ ಏನೋ ಒಂದು ಸದ್ದು ಕೇಳಿಸಿತು ಎಂದರು. ನಿಶ್ಶಬ್ದವೇ ಮೊರೆತವನ್ನು ಎತ್ತಿ ತೋರಿಸುತ್ತದೆ. ಇವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಒಳಕಿವಿಯಲ್ಲಿ ಶಂಖದಂತೆ ಸುರುಳಿಯಾಗಿರುವ ಭಾಗವಾದ ಕಾಕ್ಲಿಯಾದಲ್ಲಿ, ಸದ್ದನ್ನು ನರಸಂಕೇತವಾಗಿಸುವ ಸುಮಾರು 15,000 ರೋಮಕೋಶಗಳಿವೆ. ವಯಸ್ಸು, ಅತಿಯಾದ ಸದ್ದು, ಕೆಲವು ಔಷಧಗಳು ಇವನ್ನು ಕೊಲ್ಲುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಆ ಭಾಗದಿಂದ ಸಂಕೇತ ಬರುವುದು ಕಡಿಮೆಯಾದಾಗ ಮಿದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ, ನರಗಳ ಸಹಜ ಚಟುವಟಿಕೆಯೇ ಸದ್ದಾಗಿ ಕೇಳಿಸತೊಡಗುತ್ತದೆ ಎಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ. ಆದ್ದರಿಂದಲೇ ಮೊರೆತದ ಸ್ವರ ಸಾಮಾನ್ಯವಾಗಿ ಕೇಳ್ಮೆ ಕುಗ್ಗಿದ ಆವರ್ತನಗಳ ಆಸುಪಾಸಿನಲ್ಲೇ ಇರುತ್ತದೆ.

ಮೊದಲು ತಪಾಸಣೆ. ಗುಗ್ಗೆ ಕಟ್ಟಿದ್ದರೂ ಮೊರೆತ ಬರುತ್ತದೆ. ಹತ್ತಿಕಡ್ಡಿ ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ, ಹಾಕಬೇಡಿ. ಬಳಿಕ ಆಡಿಯೋಗ್ರಾಂ, ಅಂದರೆ ಯಾವ ಸ್ವರ ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ. ಮೊರೆತ ಒಂದೇ ಕಿವಿಯಲ್ಲಿದ್ದರೆ ಶ್ರವಣನರದ ಗಡ್ಡೆ ಇಲ್ಲವೆಂದು ಖಚಿತಪಡಿಸಲು ಎಂಆರ್‌ಐ ಬೇಕಾಗಬಹುದು. ನಾಡಿಯ ಲಯಕ್ಕೆ ಸರಿಯಾಗಿ ಮಿಡಿಯುತ್ತಿದ್ದರೆ ರಕ್ತನಾಳಗಳನ್ನು ನೋಡಬೇಕು. ಇನ್ನೊಂದನ್ನು ಒತ್ತಿ ಹೇಳುತ್ತೇನೆ: ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ನಾಳೆ ನೋಡೋಣ ಎನ್ನಬೇಡಿ, ಅಂದೇ ವೈದ್ಯರ ಬಳಿ ಹೋಗಿ. ಸ್ಟೀರಾಯ್ಡ್ ಚಿಕಿತ್ಸೆ ಫಲ ಕೊಡುವ ಸಾಧ್ಯತೆ ಮೊದಲ ಕೆಲವು ದಿನಗಳಲ್ಲೇ ಹೆಚ್ಚು. ಕಿವಿಗೆ ತೊಂದರೆ ಕೊಡಬಲ್ಲ ಔಷಧಗಳಾದ ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಕ್ವಿನೈನ್, ಜೆಂಟಾಮೈಸಿನ್, ಸಿಸ್ಪ್ಲಾಟಿನ್ ಪಡೆಯುತ್ತಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಗಂಭೀರವಾದದ್ದೇನೂ ಇಲ್ಲವೆಂದು ತಿಳಿದ ಮೇಲೆ ಉಳಿಯುವುದು ದಿನನಿತ್ಯದ ಕೆಲಸ. ಕೇಳ್ಮೆ ಕುಗ್ಗಿದವರಿಗೆ ಶ್ರವಣಸಾಧನವೇ ಮೊದಲ ಮದ್ದು: ಹೊರಗಿನ ಸದ್ದು ಮಿದುಳಿಗೆ ಮತ್ತೆ ತಲುಪುತ್ತಿದ್ದಂತೆ ಅನೇಕರಿಗೆ ಮೊರೆತ ಹಿಂದೆ ಸರಿಯುತ್ತದೆ. ಉಳಿದವರಿಗೆ ಹಿನ್ನೆಲೆ ಸದ್ದು, ಅಂದರೆ ಫ್ಯಾನ್, ಮಳೆಯ ಧ್ವನಿಮುದ್ರಣ, ಆ್ಯಪ್‌ನ ವೈಟ್ ನಾಯ್ಸ್ (ಒಂದೇ ಸಮನೆ ಸುಯ್ಯೆನ್ನುವ ಸದ್ದು). ಬಹಳ ಜನ ಇಲ್ಲೇ ಎಡವುತ್ತಾರೆ. ಮೊರೆತ ಪೂರ್ತಿ ಮುಳುಗುವಷ್ಟು ಜೋರಾಗಿ ಇಡುತ್ತಾರೆ. ಆಗ ಮಿದುಳಿಗೆ ಅಭ್ಯಾಸವಾಗಲು ಮೊರೆತವೇ ಸಿಗುವುದಿಲ್ಲ. ಸದ್ದು ನಿಲ್ಲಿಸಿದೊಡನೆ ಅದು ಮತ್ತೆ ಎದ್ದು ನಿಲ್ಲುತ್ತದೆ. ಎರಡೂ ಜೊತೆಯಲ್ಲೇ ಕೇಳಿಸುವಂತೆ, ಮೊರೆತಕ್ಕಿಂತ ತುಸು ಕೆಳಗಿನ ಮಟ್ಟದಲ್ಲಿಡಿ. ಮಲಗುವಾಗ ಇಯರ್‌ಫೋನ್ ಬೇಡ, ಸ್ಪೀಕರ್ ಸಾಕು. ನಿದ್ದೆ ಬಂದ ಮೇಲೂ ಓಡಲಿ, ಏಕೆಂದರೆ ನಡುರಾತ್ರಿ ಎಚ್ಚರವಾದಾಗಲೇ ನಿಶ್ಶಬ್ದ ಹೆಚ್ಚು ಕಾಡುವುದು. ಹೊಂದಿಕೊಳ್ಳಲು ತಿಂಗಳುಗಳು ಬೇಕು. ಈಗ ಕಡಿಮೆಯಾಯಿತೇ ಎಂದು ಗಳಿಗೆಗೊಮ್ಮೆ ಆಲಿಸುವುದು ಆ ಕಾಲವನ್ನು ಇನ್ನಷ್ಟು ಹಿಗ್ಗಿಸುತ್ತದೆ.

ನಿದ್ದೆಗೆಟ್ಟು, ಆತಂಕ ಮೇಲೇರಿದವರಿಗೆ ಅತ್ಯುತ್ತಮ ಪುರಾವೆ ಇರುವುದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ, ಅಂದರೆ ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸುವ ಮಾತಿನ ಚಿಕಿತ್ಸೆಗೆ. ಅದು ಸದ್ದನ್ನು ಇಳಿಸುವುದಿಲ್ಲ, ಸದ್ದು ಕೊಡುವ ಹಿಂಸೆಯನ್ನು ಇಳಿಸುತ್ತದೆ. ಬದುಕೇ ಬೇಡವೆನಿಸುವಷ್ಟು ನೋವಾಗಿದ್ದರೆ ಕಾಯಬೇಡಿ, ಇಂದೇ ವೈದ್ಯರಿಗೆ ಹೇಳಿ. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಮಾತ್ರೆಗಳಿಗೆ ಹಣ ಸುರಿಯುವುದು ವ್ಯರ್ಥ. ಬರೀ ಮೊರೆತಕ್ಕೆಂದು ತಲೆಸುತ್ತಿನ ಔಷಧವಾದ ಬೀಟಾಹಿಸ್ಟಿನ್ ಕೊಡುವುದನ್ನೂ ಪುರಾವೆ ಬೆಂಬಲಿಸುವುದಿಲ್ಲ.

ಇನ್ನು ಇರುವ ಕೇಳ್ಮೆಯ ರಕ್ಷಣೆ. 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧ. 100 ಡೆಸಿಬಲ್ ಮುಟ್ಟಿದರೆ 15 ನಿಮಿಷ ಮಾತ್ರ. ಹಾಗೆಂದು ದಿನವಿಡೀ ಇಯರ್‌ಪ್ಲಗ್ ಹಾಕಿಕೊಂಡರೆ ಕಿವಿಯ ಸೂಕ್ಷ್ಮತೆ ಏರಿ ಮೊರೆತ ಹೆಚ್ಚಾಗುತ್ತದೆ. ಗದ್ದಲವಿರುವಲ್ಲಿ ಮಾತ್ರ ಹಾಕಿ. ಫೋಮ್ ಪ್ಲಗ್ಗನ್ನು ಸುಕ್ಕಿಲ್ಲದಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಮ್ಮದೇ ದನಿ ನಿಮಗೆ ತಲೆಯೊಳಗಿಂದ ಬಂದಂತೆ ದಪ್ಪಗೆ ಕೇಳಿಸಿದರೆ ಸರಿಯಾಗಿ ಕೂತಿದೆ. ಇಲ್ಲವಾದರೆ ತೆಗೆದು ಮತ್ತೆ ಹಾಕಿ.