ತ್ರೀ ನಾಟ್ ತ್ರೀ: ತಿಕ್ಕುವ ಮುಂಚೆ ಒಂದು ಮಾತು

(ಒಹಾಯೊದ ಕನ್ನಡಿಗರ ದಸರಾ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಆಯುಧಪೂಜೆಯ ಶುಭಾಶಯಗಳು.

ಸಮಿತಿಯವರು ನನಗೆ ಕೊಟ್ಟಿರೋದು ಅರ್ಧ ಗಂಟೆ. ವಿಷಯ 'ನನ್ನ ಹವ್ಯಾಸ'. ನನ್ನದು ಹಳೇ ಸೈನಿಕ ರೈಫಲ್‌ಗಳನ್ನು ಇಟ್ಟುಕೊಂಡು ನೋಡಿಕೊಳ್ಳೋ ಹವ್ಯಾಸ. ಎರಡು ವರ್ಷದಿಂದ ಕೇಳ್ತಾನೇ ಇದ್ರು, ನಾನು ತಪ್ಪಿಸಿಕೊಳ್ತಾ ಇದ್ದೆ. ಈ ವರ್ಷ ನಾನೇ ಫೋನ್ ಮಾಡಿ ಒಪ್ಪಿಕೊಂಡೆ. ಅದಕ್ಕೆ ಕಾರಣ ಇದೆ.

ಬೇಸಿಗೆಯ ಪಿಕ್ನಿಕ್‌ನಲ್ಲಿ ನಮ್ಮದೇ ಹುಡುಗ ಒಬ್ಬ ಬಂದು, "ಅಂಕಲ್, ನಾನೂ ಒಂದು ಇಶಾಪುರ್ ತಗೊಂಡೆ" ಅಂತ ಮೊಬೈಲ್‌ನಲ್ಲಿ ಫೋಟೊ ತೋರಿಸಿದ. ಇಶಾಪುರ್ ಅಂದ್ರೆ ನಮ್ಮ ದೇಶದ ಇಶಾಪುರ್ ಕಾರ್ಖಾನೆಯ ತ್ರೀ ನಾಟ್ ತ್ರೀ ರೈಫಲ್. ನೋಡಿದೆ. ಮರ ಗಾಜಿನ ಹಾಗೆ ಹೊಳೀತಾ ಇತ್ತು. ಬೆಲ್ಟ್ ಸ್ಯಾಂಡರ್ ಹಾಕಿ ಉಜ್ಜಿ, ಮೂರು ಕೋಟ್ ವಾರ್ನಿಶ್ ಬಳಿದಿದ್ದ. ಹಿತ್ತಾಳೆಗೆ ಬಫಿಂಗ್, ಉಕ್ಕಿಗೆ ಹೊಸ ಕಪ್ಪು ಬಣ್ಣ. ಎರಡು ತಿಂಗಳ ಶ್ರಮ. ಅವನ ಮುಖದಲ್ಲಿ ಅಷ್ಟು ಸಂತೋಷ ಇತ್ತು, ನನಗೆ ಬಾಯಿಂದ ಮಾತೇ ಹೊರಡಲಿಲ್ಲ. "ಚೆನ್ನಾಗಿದೆಯಪ್ಪ" ಅಂದುಬಿಟ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವತ್ತು ಹೇಳಬೇಕಾಗಿದ್ದ ಮಾತು ಇವತ್ತು ಹೇಳ್ತೀನಿ. ಅವನೂ ಇಲ್ಲೇ ಕೂತಿದ್ದಾನೆ, ಅವನಿಗೆ ಮೊದಲೇ ಹೇಳಿ ಒಪ್ಪಿಗೆ ತಗೊಂಡಿದ್ದೀನಿ.

ರೈಫಲ್ ಯಾಕೆ ತಂದಿಲ್ಲ ಅಂತ ಕೆಲವರು ಬಾಗಿಲಲ್ಲೇ ಕೇಳಿದ್ರು. ಇದು ಶಾಲೆಯ ಸಭಾಂಗಣ, ಇಲ್ಲಿಗೆ ಬಂದೂಕು ತರೋ ಹಾಗಿಲ್ಲ. ಈ ಮೇಜಿನ ಮೇಲೆ ಇರೋದು ಮೂರೇ ವಸ್ತು: ಒಂದು ಹಿತ್ತಾಳೆಯ ಎಣ್ಣೆ ಬಾಟಲು, ಒಂದು ಪುಲ್‌ತ್ರೂ, ಅಂದ್ರೆ ನಳಿಗೆಯೊಳಗೆ ಚಿಂದಿ ಎಳೆಯೋ ಹಗ್ಗ, ಒಂದು ತುಂಡು ಚಿಂದಿ. ಎನ್‌ಸಿಸಿ ಮಾಡಿದವರು ಆಗಲೇ ನಗ್ತಾ ಇದ್ದಾರೆ. ನಿಮಗೆ ಬಾಯಿಪಾಠ ಇರುತ್ತೆ: ಒರೆಸೋದಕ್ಕೆ ನಾಲ್ಕು ಇಂಚು ಎರಡು ಇಂಚಿನ ಚಿಂದಿ, ಎಣ್ಣೆ ಹಾಕೋದಕ್ಕೆ ನಾಲ್ಕಕ್ಕೆ ಒಂದೂವರೆ.

ಈ ರೈಫಲ್‌ನ ಹಿನ್ನೆಲೆ ನಿಮಗೆ ಗೊತ್ತು, ಉದ್ದಕ್ಕೆ ಹೇಳಲ್ಲ. ಸ್ಕಾಟ್‌ಲೆಂಡ್‌ನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟು (ಗುಂಡನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚೋ ಕಬ್ಬಿಣದ ಚಿಲಕ) ಮತ್ತು ಮ್ಯಾಗಝಿನ್ (ಗುಂಡು ತುಂಬೋ ಪೆಟ್ಟಿಗೆ). ಲಂಡನ್ನಿನ ಉತ್ತರಕ್ಕಿರೋ ಎನ್‌ಫೀಲ್ಡ್‌ನ ಸರ್ಕಾರಿ ಕಾರ್ಖಾನೆ. ಎರಡೂ ಸೇರಿ ಲೀ ಎನ್‌ಫೀಲ್ಡ್. 1907ರಲ್ಲಿ ಅದರ ಮಾರ್ಕ್ ತ್ರೀ ಮಾದರಿ ಬಂತು. ಮೊದಲನೇ ಮಹಾಯುದ್ಧದ ನಡುವೆ ಕೆಲವು ಭಾಗ ಬಿಟ್ಟು ಸರಳ ಮಾಡಿದ್ರು, ಅದಕ್ಕೆ ಮಾರ್ಕ್ ತ್ರೀ ಸ್ಟಾರ್ ಅಂದ್ರು. ಹತ್ತು ಗುಂಡು, ನಳಿಗೆಯ ಅಳತೆ ಇಂಚಿನಲ್ಲಿ ಪಾಯಿಂಟ್ ತ್ರೀ ನಾಟ್ ತ್ರೀ. ಬಂಗಾಳದಲ್ಲಿ ಬ್ಯಾರಕ್‌ಪುರದ ಹತ್ತಿರ, ಹೂಗ್ಲಿ ದಂಡೆಯ ಇಶಾಪುರ್ ಕಾರ್ಖಾನೆ ಇದನ್ನು ದಶಕಗಟ್ಟಲೆ ಮಾಡ್ತು, ಸ್ವಾತಂತ್ರ್ಯ ಬಂದ ಮೇಲೂ ಮಾಡ್ತು. ಇಂಗ್ಲೆಂಡ್‌ನಲ್ಲಿ ಅದು ಮ್ಯೂಸಿಯಮ್ಮಿಗೆ ಹೋದ ಮೇಲೂ ನಮ್ಮ ಠಾಣೆಗಳಲ್ಲಿ ಪೇದೆಗಳ ಹೆಗಲ ಮೇಲೆ ಇತ್ತು. 2008ರ ನವೆಂಬರ್‌ನಲ್ಲಿ ಮುಂಬೈ ರೈಲು ನಿಲ್ದಾಣದಲ್ಲಿ ಉಗ್ರರ ಎಕೆ ರೈಫಲ್ ಎದುರು ನಿಂತ ಪೊಲೀಸರ ಕೈಯಲ್ಲಿ ಇದೇ ಇತ್ತು. ಉತ್ತರಪ್ರದೇಶ ಪೊಲೀಸರು ಅದನ್ನು ಬೀಳ್ಕೊಟ್ಟಿದ್ದು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ.

ನಮ್ಮಪ್ಪನ ಹೆಗಲ ಮೇಲೂ ಇತ್ತು. ಧಾರವಾಡದ ಕಡೆ ಸಶಸ್ತ್ರ ಮೀಸಲು ಪಡೆಯಲ್ಲಿ ಪೇದೆ. ಖಜಾನೆ ಗಾರ್ಡು, ಚುನಾವಣೆ ಬಂದೋಬಸ್ತು, ಜಾತ್ರೆ. ಸಣ್ಣವನಿದ್ದಾಗ ನನಗೆ ಅದನ್ನು ಮುಟ್ಟೋಕೆ ಬಿಡ್ತಿರಲಿಲ್ಲ. ದೂರದಿಂದ ಒಂದು ವಾಸನೆ ಮಾತ್ರ ಗೊತ್ತಿತ್ತು, ಬಂದೂಕಿನ ಎಣ್ಣೆ ಮತ್ತು ಅಗಸೆ ಎಣ್ಣೆ ಸೇರಿದ ವಾಸನೆ.

2006ರಲ್ಲಿ ಇಲ್ಲೇ ಒಂದು ಹಳ್ಳಿಮನೆಯ ಎಸ್ಟೇಟ್ ಸೇಲ್. ಯಜಮಾನರು ತೀರಿಕೊಂಡಿದ್ರು, ಮಕ್ಕಳು ಸಾಮಾನೆಲ್ಲ ಮಾರ್ತಾ ಇದ್ರು. ಟ್ರ್ಯಾಕ್ಟರ್ ಶೆಡ್ಡಿನ ಮೂಲೆಯಲ್ಲಿ, ಹಳೇ ಕಂಬಳಿಯೊಳಗೆ ಒಂದು ರೈಫಲ್. ಕಂಬಳಿ ಸರಿಸಿದ್ದೇ ತಡ ಆ ವಾಸನೆ ಬಂತು. ಮೂವತ್ತು ವರ್ಷದ ಹಿಂದಿನ ಪೊಲೀಸ್ ಕ್ವಾರ್ಟರ್ಸ್, ಒಹಾಯೊದ ಶೆಡ್ಡಿನಲ್ಲಿ! ಬೋಲ್ಟಿನ ಹಿಂದಿನ ಪಟ್ಟಿಯ ಮೇಲೆ ಬೆರಳಾಡಿಸಿದೆ: ಕಿರೀಟ, ಅದರ ಕೆಳಗೆ ಜಿಆರ್‌ಐ, ಅದರ ಕೆಳಗೆ ಇಶಾಪುರ್, 1943. ಅಂದ್ರೆ ಆರನೇ ಜಾರ್ಜ್, ರಾಜ ಮತ್ತು ಚಕ್ರವರ್ತಿ. ಗಣರಾಜ್ಯ ಆದ ಮೇಲಿನ ರೈಫಲ್ ಆಗಿದ್ರೆ ಅದೇ ಜಾಗದಲ್ಲಿ ಅಶೋಕ ಸ್ತಂಭದ ಸಿಂಹಗಳು ಇರ್ತಿದ್ವು. ಒಂದು ದೇಶದ ಚರಿತ್ರೆ ಎರಡು ಇಂಚು ಉಕ್ಕಿನ ಮೇಲಿದೆ. ಅದನ್ನು ಎಮರಿ ಪೇಪರ್ ಹಾಕಿ ತಿಕ್ಕೋಕೆ ಕೈ ಹೇಗೆ ಬರುತ್ತೆ ಹೇಳಿ?

ಆದ್ರೆ ನನಗೂ ಕೈ ಬಂದಿತ್ತು, ಅದನ್ನೂ ಹೇಳಬೇಕು. ಮನೆಗೆ ತಂದು ಮೂರು ವರ್ಷ ಸುಮ್ಮನೆ ಇಟ್ಟಿದ್ದೆ. 2009ರಲ್ಲಿ ಅಪ್ಪ ಅಮ್ಮ ಬಂದ್ರು. ಅಪ್ಪನಿಗೆ ಚೆನ್ನಾಗಿ ಕಾಣಲಿ ಅಂತ ಗ್ಯಾರೇಜಿನಲ್ಲಿ ಸ್ಯಾಂಡ್ ಪೇಪರ್ ಹಿಡಿದು ಕೂತೆ. ಅಪ್ಪ ಬಂದು ನಿಂತ್ರು. ಆಗ ಅವರಿಗೆ ಎಪ್ಪತ್ತಾರು, ಬೆರಳು ನಡುಗ್ತಾ ಇತ್ತು, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡೀತಿದ್ರು. ರೈಫಲ್ ತಗೊಂಡ್ರು. ನಡುಕ ನಿಂತುಹೋಯ್ತು! ನಳಿಗೆ ಗೋಡೆ ಕಡೆ, ಬೋಲ್ಟ್ ಮೇಲೆ, ಹಿಂದೆ, ಕಿರುಬೆರಳು ಒಳಗಿಟ್ಟು ಗುಂಡಿಲ್ಲ ಅಂತ ಖಾತ್ರಿ. ಆಮೇಲೆ ಕಣ್ಣಲ್ಲಿ ನೋಡದೇನೇ ಹೆಬ್ಬೆರಳಿನಿಂದ ಹಿಂಬದಿಯ ಹಿತ್ತಾಳೆ ಬಾಗಿಲು ಒತ್ತಿದ್ರು. ಟಪ್ ಅಂತ ತೆರೀತು. ಅದು ತೆರೆಯೋ ಬಾಗಿಲು ಅಂತ ಮೂರು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಒಳಗಿಂದ ಮೊದಲು ಈ ಎಣ್ಣೆ ಬಾಟಲು ಜಾರಿ ಬಂತು, ಆಮೇಲೆ ಈ ಪುಲ್‌ತ್ರೂ. ನೋಡಿ, ಇವೇ.

ಆಮೇಲೆ ಸ್ಯಾಂಡ್ ಪೇಪರ್ ನೋಡಿದ್ರು. "ಏನ್ ಮಾಡಾಕ್ ಹತ್ತೀಯೋ ತಮ್ಮಾ?" ಹೇಳಿದೆ. ಬಟ್ಟಿನ ಮೇಲೆ, ಅಂದ್ರೆ ಹೆಗಲಿಗೆ ಆನಿಸೋ ಹಿಂದಿನ ಮರದ ಮೇಲಿದ್ದ ಮಾಸಿದ ಮುದ್ರೆ ಮೇಲೆ ಬೆರಳಿಟ್ರು. "ಇದನ್ನ ತಿಕ್ಕಬ್ಯಾಡ. ನಂಬರ್ ಹೋತಂದ್ರ ನಾಳೆ ಜವಾಬ ಕೊಡಾಂವ ಯಾರು?"

ಅಪ್ಪನಿಗೆ ಅದು ಇಲಾಖೆಯ ಮಾತು. ದಿನಾ ಸಂಜೆ ನಂಬರ್ ಕೂಗಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಬಂದೂಕು ಒಪ್ಪಿಸ್ತಿದ್ದ ಮನುಷ್ಯ. ನನಗೆ ಅವತ್ತಿನಿಂದ ಇದೇ ಮಾತು ಹವ್ಯಾಸದ ಮೊದಲ ಪಾಠ. ಜವಾಬು ಕೊಡೋರು ಯಾರು?

ಈ ರೈಫಲ್‌ನ ನಂಬರ್ ಒಂದೇ ಕಡೆ ಇರಲ್ಲ. ರಿಸೀವರ್ (ಬೋಲ್ಟ್ ಓಡಾಡೋ ಉಕ್ಕಿನ ಒಡಲು) ಮೇಲೆ, ನಳಿಗೆ ಮೇಲೆ, ಬೋಲ್ಟಿನ ಹಿಡಿಯ ಹಿಂದೆ, ಮೂತಿಯ ಟೋಪಿ ಮೇಲೆ, ಹಿಂದಿನ ಗುರಿಪಟ್ಟಿಯ ಅಡಿಯಲ್ಲಿ, ಮುಂದಿನ ಮರದ ಮೇಲೂ. ಎಲ್ಲ ಒಂದೇ ಆಗಿದ್ರೆ, ಸಾಮಾನ್ಯವಾಗಿ ಹುಟ್ಟಿದಾಗಿನಿಂದ ಜೊತೆಗಿದ್ದ ಭಾಗಗಳು. ಬೋಲ್ಟಿನ ನಂಬರ್ ಬೇರೆ ಇದ್ರೆ ಎಚ್ಚರ. ಬೋಲ್ಟ್ ಮತ್ತು ಗುಂಡಿನ ತಳದ ನಡುವಿನ ಅಂತರ ಗೇಜಿನಿಂದ ಅಳೆಸದೆ ಹಾರಿಸಬಾರದು. ನಂಬರ್ ಅಳಿಸಿದವನು ಚರಿತ್ರೆ ಮಾತ್ರ ಅಲ್ಲ, ಮುಂದೆ ಅದನ್ನು ಹಿಡಿಯೋನ ಸುರಕ್ಷತೆಯನ್ನೂ ಅಳಿಸ್ತಾನೆ. ಸೀರಿಯಲ್ ನಂಬರ್ ಅಳಿಸಿದ್ದನ್ನು ಇಟ್ಟುಕೊಳ್ಳೋದೇ ಇಲ್ಲಿ ಅಪರಾಧ, ಅದು ಬೇರೆ.

ನಮ್ಮ ಊರುಗಳಲ್ಲಿ ವೀರಗಲ್ಲು ನೋಡಿದ್ದೀರಿ. ಊರಿನವರು ಭಕ್ತಿಯಿಂದ ಅದಕ್ಕೆ ಸುಣ್ಣ, ಆಯಿಲ್ ಪೇಂಟು ಬಳೀತಾರೆ. ಶಾಸನ ಓದೋರು ಬಂದು ತಲೆ ಮೇಲೆ ಕೈ ಹೊತ್ತು ಕೂರ್ತಾರೆ. ಬಳಿದವರ ಭಕ್ತಿ ಸುಳ್ಳಲ್ಲ. ಅಕ್ಷರ ಮಾತ್ರ ಹೋಯ್ತು. ಬೆಲ್ಟ್ ಸ್ಯಾಂಡರ್ ಹಿಡಿದವನ ಪ್ರೀತಿಯೂ ಹಾಗೇ.

ಹಾಗಾದ್ರೆ ಏನೂ ಮಾಡಬಾರದಾ? ಮಾಡಬೇಕು, ಬೇಕಾದಷ್ಟಿದೆ. ಅಂಟು ಗ್ರೀಸು ಮೆತ್ತಿ ಬಂದಿರುತ್ತೆ, ಕಾಸ್ಮೊಲೀನ್ ಅಂತಾರೆ. ರಷ್ಯಾದ ಮೊಸಿನ್ ನಗಾಂಟ್ ರೈಫಲ್‌ಗಳು ಪೆಟ್ಟಿಗೆಗಟ್ಟಲೆ ಬರ್ತಿದ್ದ ಕಾಲದಲ್ಲಿ ಇಡೀ ಗ್ಯಾರೇಜೇ ಆ ವಾಸನೆ. ಮರವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೇಸಿಗೆ ಬಿಸಿಲಿಗಿಡಿ, ಗ್ರೀಸು ಬೆವರಿನ ಹಾಗೆ ಹೊರಗೆ ಬರುತ್ತೆ, ಒರೆಸ್ತಾ ಹೋಗಿ. ಆಳಕ್ಕೆ ಇಳಿದ ಎಣ್ಣೆಗೆ ಸೀಮೆಸುಣ್ಣದ ಪುಡಿ ಮೆತ್ತಿ, ಅದು ಹೀರಿಕೊಳ್ಳುತ್ತೆ. ಉಕ್ಕಿನ ಮೇಲೆ ಕೆಂಪು ತುಕ್ಕಿದ್ರೆ ಕೆರೆಯಬೇಡಿ. ಸಣ್ಣ ಭಾಗ ಬಿಚ್ಚಿ ಶುದ್ಧ ನೀರಿನಲ್ಲಿ ಕುದಿಸಿ. ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ ತಿರುಗುತ್ತೆ. ಆಮೇಲೆ ನಯವಾದ ಉಕ್ಕಿನ ನಾರಿನಿಂದ ಹಗುರವಾಗಿ ಸವರಿ, ಎಣ್ಣೆ ಹಚ್ಚಿ. ಹಳೆಯ ಕಪ್ಪು ಉಳಿಯುತ್ತೆ, ಅಕ್ಷರವೂ ಉಳಿಯುತ್ತೆ.

ಮರಕ್ಕೆ ಅಗಸೆ ಎಣ್ಣೆ. ನಮ್ಮ ಕಡೆಯವರಿಗೆ ಅಗಸಿ ಅಂದ್ರೆ ರೊಟ್ಟಿ ಜೊತೆ ಚಟ್ನಿಪುಡಿ. ಬ್ರಿಟಿಷ್ ಸೈನ್ಯದಲ್ಲಿ ಅದೇ ಬೀಜದ ಹಸಿ ಎಣ್ಣೆ ರೈಫಲ್ ಮರಕ್ಕೆ. ಅಂಗೈಯಲ್ಲಿ ನಾಲ್ಕೇ ಹನಿ. ಅಂಗೈ ಬಿಸಿಯಾಗೋ ತನಕ ಉಜ್ಜಿ, ಒರೆಸಿ, ಒಂದು ದಿನ ಬಿಡಿ, ಮತ್ತೆ ನಾಲ್ಕು ಹನಿ. ನಮ್ಮಪ್ಪ ಇಲ್ಲಿದ್ದ ಐದು ತಿಂಗಳು ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಇದನ್ನು ಮಾಡಿದ್ರು. ಅಮ್ಮ, "ನನ್ನ ಕಾಲಿಗೆ ಎಣ್ಣಿ ಹಚ್ಚು ಅಂದ್ರ ಕೈ ನಡಗತಾವ ಅಂತಾರ" ಅಂತ ಬೈತಿದ್ರು. ಚಳಿಗಾಲ ಬರೋ ಹೊತ್ತಿಗೆ ಮರ ಹುಣಸೆ ಹಣ್ಣಿನ ಬಣ್ಣಕ್ಕೆ ಬಂತು. ಒಂದು ಗಾಯವನ್ನೂ ಮುಚ್ಚದೆ. ಆದ್ರೆ ಒಂದು ಎಚ್ಚರ, ಇದನ್ನು ಬರೆದುಕೊಳ್ಳಿ: ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ತಾನೇ ಹೊತ್ತಿಕೊಳ್ಳುತ್ತೆ. ನೀರಿನಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ.

ಉಜ್ಜಿದ ರೈಫಲ್ ಗುರುತಿಸೋದು ಹೇಗೆ? ಕಣ್ಣು ಮುಚ್ಚಿಕೊಂಡು ಉಗುರನ್ನು ಮರದಿಂದ ಹಿಂಬದಿಯ ಹಿತ್ತಾಳೆ ಪಟ್ಟಿಯ ಕಡೆ ಎಳೀರಿ. ಕಾರ್ಖಾನೆಯ ಮರ ಹಿತ್ತಾಳೆಗಿಂತ ಕೂದಲೆಳೆಯಷ್ಟು ಎತ್ತರ ಇರುತ್ತೆ, ಉಗುರು ಕೆಳಗೆ ಇಳಿಯುತ್ತೆ. ಉಜ್ಜಿದ ಮರದಲ್ಲಿ ಉಗುರು ಹಿತ್ತಾಳೆಯ ಅಂಚಿಗೆ ತಾಕಿ ನಿಲ್ಲುತ್ತೆ.

ಇನ್ನೊಂದು, ನನ್ನ ಕೈಯಿಂದ ಆದ ತಪ್ಪು. ಮಾರ್ಕ್ ತ್ರೀ ಬಿಚ್ಚುವಾಗ ಮೊದಲು ಮುಂದಿನ ಮರ, ಆಮೇಲೆ ಬಟ್ಟು. ಬಟ್ಟನ್ನು ಬಿಗಿಯೋಕೆ ಅದರೊಳಗೆ ಬೇರೆಯೇ ಒಂದು ಉದ್ದ ಬೋಲ್ಟ್ ಇದೆ, ಗುಂಡು ತಳ್ಳೋ ಬೋಲ್ಟ್ ಅಲ್ಲ; ಅದರ ತುದಿ ಚೌಕಾಕಾರ. ಅದು ಮುಂದಿನ ಮರದ ಹಿಂಭಾಗದ ತಗಡಿನಲ್ಲಿ ಸಿಕ್ಕಿಕೊಂಡಿರುತ್ತೆ. ನನ್ನ ಎರಡನೇ ರೈಫಲ್‌ನಲ್ಲಿ ನಾನು ಸ್ಕ್ರೂಡ್ರೈವರ್ ಹಾಕಿ ಸೀದಾ ಬಟ್ಟನ್ನೇ ತಿರುಗಿಸಿದೆ. ಚಟ್ ಅಂತು. ಎರಡು ಯುದ್ಧ ನೋಡಿದ ಮರ ನನ್ನ ಗ್ಯಾರೇಜಿನಲ್ಲಿ ಸೀಳಿತು. ಆ ಸೀಳನ್ನು ಅಂಟಿಸಿದ್ದೀನಿ, ಮುಚ್ಚಿಲ್ಲ. ಅದಕ್ಕೆ ಜವಾಬು ನಾನೇ.

ಇಶಾಪುರದವರೂ ದುರಸ್ತಿಯನ್ನು ಮುಚ್ಚಿಟ್ಟವರಲ್ಲ. ಮುಂದಿನ ಮರ ಸೀಳದಿರಲಿ ಅಂತ ಅಡ್ಡಲಾಗಿ ಒಂದು ತಿರುಪು ಹಾಕ್ತಿದ್ರು. ಸಂಗ್ರಹಕಾರರು ಲೋಕದ ಎಲ್ಲ ಕಡೆ ಅದನ್ನು 'ಇಶಾಪುರ್ ಸ್ಕ್ರೂ' ಅಂತಲೇ ಕರೀತಾರೆ. ಗ್ರೆನೇಡ್ ಹಾರಿಸೋ ರೈಫಲ್‌ಗೆ ಮರದ ಸುತ್ತ ತಾಮ್ರದ ತಂತಿ ಬಿಗಿದು ಬೆಸುಗೆ ಹಾಕ್ತಿದ್ರು. ಆ ತಂತಿಯನ್ನು ಕೊಳಕು ಅಂತ ಕಿತ್ತು ಬಿಸಾಕಿದವರನ್ನು ನಾನು ನೋಡಿದ್ದೀನಿ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, ಐದು ಅಂತ ಓದಿಕೊಳ್ತೀನಿ, ಭರತನಾಟ್ಯದ ಮಕ್ಕಳು ಗೆಜ್ಜೆ ಕಟ್ಟಿಕೊಂಡು ಕಾಯ್ತಿದ್ದಾರೆ.

2ಎ ರೈಫಲ್ ಬಗ್ಗೆ ದೊಡ್ಡದಾಗಿ ಹೇಳೋದಿತ್ತು. ಒಂದೇ ಮಾತು: 1962ರ ಚೀನಾ ಯುದ್ಧದ ನಂತರ ಇಶಾಪುರ್ ಇದೇ ವಿನ್ಯಾಸವನ್ನು 7.62 ಮಿಲಿಮೀಟರ್ ಗುಂಡಿಗೆ, ಹೆಚ್ಚು ಒತ್ತಡ ತಾಳೋ ಉಕ್ಕಿನಲ್ಲಿ, ಹನ್ನೆರಡು ಗುಂಡಿನ ಮ್ಯಾಗಝಿನ್ ಜೊತೆ ಹೊಸದಾಗಿಯೇ ಮಾಡ್ತು. ಹಳೇ ತ್ರೀ ನಾಟ್ ತ್ರೀಯನ್ನೇ ಕೊರೆದು ಮಾಡಿದ್ದು ಅಂತ ಗನ್ ಶೋಗಳಲ್ಲಿ ಹೇಳ್ತಾರೆ, ನಂಬಬೇಡಿ.

ಡಿಪಿ (ಡ್ರಿಲ್ ಪರ್ಪಸ್) ಅಂತ ಮುದ್ರೆ ಇದ್ರೆ ಕವಾಯತಿನ ರೈಫಲ್, ಯಾವತ್ತೂ ಹಾರಿಸಬೇಡಿ. ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ಹಳೇ ಗುಂಡು ಹಾರಿಸಿದ್ರೆ ಅದೇ ದಿನ ನಳಿಗೆಗೆ ಕುದಿಯೋ ನೀರು ಹಾಕಿ. ಆ ಮದ್ದಿನ ಕ್ಯಾಪ್ ಬಿಟ್ಟುಹೋಗೋ ಉಪ್ಪು ತೇವ ಹೀರುತ್ತೆ, ಎಣ್ಣೆಗೆ ಕರಗಲ್ಲ. ಊರಿಗೆ ತಗೊಂಡು ಹೋಗಬಹುದಾ ಅಂತ ಕೇಳ್ತೀರಿ: ಆಗಲ್ಲ. ನಮ್ಮ ದೇಶದಲ್ಲಿ ಅದು ಸಾಮಾನ್ಯರಿಗೆ ನಿಷೇಧಿತ ಬೋರ್, ಅಂದ್ರೆ ನಿಷೇಧಿತ ನಳಿಗೆ ಅಳತೆ. ಅದಕ್ಕೇ ಅಲ್ಲಿ ನಾಗರಿಕರಿಗೆ .315 ಅಂತ ಬೇರೆ ಮಾಡಿದ್ರು.

ಕೊಡಗಿನವರು ಮೂರು ಮನೆಯವರು ಇಲ್ಲಿದ್ದೀರಿ. ಸೆಪ್ಟೆಂಬರ್‌ನಲ್ಲಿ ನಿಮ್ಮ ಆಯುಧದ ಹಬ್ಬ ಕೈಲ್ ಪೊಳ್ದ್ ದಿನ ಕನ್ನಿ ಕೋಂಬರೆಯಲ್ಲಿ, ಅಂದ್ರೆ ದೇವರ ಕೋಣೆಯಲ್ಲಿ, ಕೋವಿ ಇಟ್ಟು, ಮೂತಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸ್ತೀರಿ. ಅಜ್ಜನ ಕೋವಿಯ ಗೀರು ಉಜ್ಜಿ ಹೊಳೆಯಿಸಿದ ಮನೆ ನಿಮ್ಮಲ್ಲಿದೆಯಾ? ಇಲ್ಲ ಅಂತ ತಲೆ ಆಡಿಸ್ತಿದ್ದಾರೆ, ನೋಡಿ.

ಕೊನೆಯದಾಗಿ ನಮ್ಮ ಹುಡುಗನಿಗೆ. ನೀನು ಹೊರಗಿನ ಮರವನ್ನು ಉಜ್ಜಿದ್ದೀಯ, ಒಳಭಾಗಕ್ಕೆ ಬೆಲ್ಟ್ ಸ್ಯಾಂಡರ್ ಹೋಗಿರಲ್ಲ. ನಳಿಗೆ ಕೂರೋ ತೋಡಿನಲ್ಲಿ, ತಗಡುಗಳ ಅಡಿಯಲ್ಲಿ, ನಳಿಗೆಯ ಹೊಟ್ಟೆಯ ಮೇಲೆ ಇನ್ನೂ ಗುರುತು ಇರುತ್ತೆ. ಶನಿವಾರ ಬೆಳಿಗ್ಗೆ ಗ್ಯಾರೇಜಿಗೆ ತಗೊಂಡು ಬಾ. ಟಾರ್ಚು, ಒಂದು ನೋಟ್‌ಬುಕ್ಕು ತಾ. ಇಬ್ಬರೂ ಕೂತು ಬಿಚ್ಚೋಣ, ಮೊದಲು ಮುಂದಿನ ಮರ, ಆಮೇಲೆ ಬಟ್ಟು. ಸಿಕ್ಕಿದ ಪ್ರತಿ ನಂಬರನ್ನೂ ಬರೆದುಕೊಳ್ಳೋಣ.

ಎಣ್ಣೆ ಬಾಟಲು ಇಲ್ಲೇ ಇರುತ್ತೆ. ಊಟದ ಹೊತ್ತಿಗೆ ಬಂದು ಮುಚ್ಚಳ ತಿರುಗಿಸಿ ನೋಡಿ, ಒಳಗೆ ಮುಚ್ಚಳಕ್ಕೇ ಅಂಟಿಕೊಂಡ ಪುಟ್ಟ ಚಮಚ ಇದೆ. ಮೂಸಿಯೂ ನೋಡಿ. ನಮಸ್ಕಾರ.