ಕೆಲಸ ಇಲ್ಲದ ವಾರಗಳಲ್ಲಿ ಕೈ ಪಳಗಿಸೋದು ಹೇಗೆ? ಸಿನಿಮಾ, ಸೀರಿಯಲ್ ಫ್ರೀಲಾನ್ಸರ್‌ಗಳಿಗಾಗಿ

[ಪರದೆ: ಮೇಜಿನ ಮೇಲೆ ಕಾಲ್‌ಶೀಟ್‌ಗಳ ಕಟ್ಟು, ಪಕ್ಕದಲ್ಲಿ ಏನೂ ಬರೆಯದ ಕ್ಯಾಲೆಂಡರ್ ಪುಟ]

ನಮಸ್ಕಾರ. ಈ ವಿಡಿಯೋ ಕ್ಯಾಮೆರಾ ಹಿಂದೆ ದುಡಿಯೋರಿಗೆ. ಅಸಿಸ್ಟೆಂಟ್ ಡೈರೆಕ್ಟರ್, ಕ್ಯಾಮೆರಾದ ಫೋಕಸ್ ಹಿಡಿಯೋ ಫೋಕಸ್ ಪುಲ್ಲರ್, ಎಡಿಟರ್, ಸೌಂಡ್‌ನೋರು, ಸಂಭಾಷಣೆ ಬರೆಯೋರು, ಎಲ್ಲರಿಗೂ. ತಿಂಗಳ ಸಂಬಳ ಇಲ್ಲ. ಪ್ರಾಜೆಕ್ಟ್ ಇದ್ರೆ ದುಡ್ಡು, ಕುಂಬಳಕಾಯಿ ಒಡೆದ ಮಾರನೇ ದಿನದಿಂದ ಮತ್ತೆ ಫೋನ್ ಕಾಯೋದು. ಆಷಾಢ ಬಂತು ಅಂದ್ರೆ ಹೊಸ ಮುಹೂರ್ತಗಳೂ ಕಡಿಮೆ. ಈ ಬಿಡುವಿನಲ್ಲಿ ಏನು ಮಾಡ್ತೀವಿ ಅನ್ನೋದರ ಮೇಲೆ ಮುಂದಿನ ಹತ್ತು ವರ್ಷ ನಿಂತಿದೆ ಅಂತ ನಾನು ನಂಬಿದ್ದೀನಿ. ಯಾಕೆ ಅಂತ ಹೇಳ್ತೀನಿ.

ಗಾಂಧಿನಗರದಲ್ಲಾಗಲಿ, ಸೀರಿಯಲ್ ಸೆಟ್‌ನಲ್ಲಾಗಲಿ ಹೊಸಬರಿಗೆ ಎಲ್ಲರೂ ಹೇಳೋದು ಒಂದೇ: "ಕೆಲಸ ಮಾಡ್ತಾ ಮಾಡ್ತಾ ಕಲೀತೀಯ." ಮೊದಲ ಎರಡು ಮೂರು ವರ್ಷ ಈ ಮಾತು ನಿಜ. ಕ್ಲಾಪ್ ಹೊಡೆಯೋದು, ಲೆನ್ಸ್ ಬದಲಿಸೋದು, ಕಂಟಿನ್ಯುಟಿ ಬರೆಯೋದು, ಹಿರಿಯರ ಹತ್ರ ಬೈಸಿಕೊಳ್ಳೋದು, ಎಲ್ಲವೂ ಕಲಿಕೆಯೇ. ಆಮೇಲೆ ಒಂದು ವಿಷಯ ಸದ್ದಿಲ್ಲದೆ ಬದಲಾಗುತ್ತೆ. ನೀವು ಯಾವುದನ್ನ ಚೆನ್ನಾಗಿ ಮಾಡ್ತೀರೋ ಅದಕ್ಕೇ ಕರೀತಾರೆ. ಮುಂದಿನ ಸಲವೂ ಅದಕ್ಕೇ. ಅದರ ಮುಂದಿನ ಸಲವೂ ಅದಕ್ಕೇ. ನಮ್ಮನ್ನ ಕರೆಯೋರು ನೋಡೋದು ಹೋದ ಪ್ರಾಜೆಕ್ಟ್‌ನಲ್ಲಿ ಏನು ಮಾಡಿದ್ವಿ ಅನ್ನೋದನ್ನ. ನಮಗೆ ಇನ್ನೇನು ಬರಬಹುದು ಅಂತ ಯೋಚಿಸೋಕೆ ಅವರಿಗೆ ಪುರುಸೊತ್ತೂ ಇಲ್ಲ, ಅದು ಅವರ ಕೆಲಸವೂ ಅಲ್ಲ. ಕಂಪನಿಯಲ್ಲಿರೋರಿಗೆ ಟ್ರೈನಿಂಗ್ ಅಂತ ಒಂದಿರುತ್ತೆ. ಫ್ರೀಲಾನ್ಸರ್‌ಗೆ ಆ ವ್ಯವಸ್ಥೆಯನ್ನ ಯಾರೂ ಮಾಡಿಕೊಡಲ್ಲ.

ದಿನದ ಸೀರಿಯಲ್ ತಗೊಳ್ಳಿ. ಅರ್ಧ ಗಂಟೆಯ ಸ್ಲಾಟ್, ಜಾಹೀರಾತು ಬಿಟ್ರೆ ಇಪ್ಪತ್ತೆರಡು ನಿಮಿಷದ ಆಸುಪಾಸು ಕಂಟೆಂಟ್. ಇದನ್ನ ವಾರಕ್ಕೆ ಐದೋ ಆರೋ ಸಲ ಕೊಡಬೇಕು. ರಾಜರಾಜೇಶ್ವರಿ ನಗರದ ಶೂಟಿಂಗ್ ಮನೆ, ಅದೇ ಹಾಲ್, ಅದೇ ಮೆಟ್ಟಿಲು. ಇಂಥ ಯೂನಿಟ್‌ನಲ್ಲಿ ಪಳಗಿದೋರ ವೇಗ ಸಾಮಾನ್ಯದ್ದಲ್ಲ. ಸಿನಿಮಾದೋರು ಅರ್ಧ ದಿನ ತಗೊಳ್ಳೋ ದೃಶ್ಯವನ್ನ ಇವರು ಊಟಕ್ಕೆ ಮೊದಲೇ ಮುಗಿಸ್ತಾರೆ. ಆ ವೇಗವನ್ನ ಕೀಳಾಗಿ ನೋಡೋರನ್ನ ಕಂಡ್ರೆ ನನಗೆ ಬೇಜಾರಾಗುತ್ತೆ. ಅದೊಂದು ದೊಡ್ಡ ವಿದ್ಯೆ.

ಆದ್ರೆ ಅದೇ ಯೂನಿಟ್‌ನ ಎಡಿಟರ್‌ನ ನೋಡಿ. ಡೈಲಾಗ್, ರಿಯಾಕ್ಷನ್, ಡೈಲಾಗ್, ಮೂರು ಮುಖಗಳ ಕ್ಲೋಸಪ್, ಕೆಳಗೆ ಮ್ಯೂಸಿಕ್. ವರ್ಷಕ್ಕೆ ಇನ್ನೂರು ಮುನ್ನೂರು ಎಪಿಸೋಡ್ ಹೀಗೇ ಕತ್ತರಿಸಿದ ಕೈಗೆ ಒಂದು ಶಾಟನ್ನ ಹತ್ತು ಸೆಕೆಂಡ್ ಸುಮ್ಮನೆ ಬಿಡೋದು ಕಷ್ಟವಾಗುತ್ತೆ. ಮೌನ ಬಂದ ಕಡೆ ಕೈ ತಾನಾಗೇ ಕಟ್ ಕಡೆಗೆ ಹೋಗುತ್ತೆ. ಕೆಲಸ ಇಲ್ಲದಿದ್ರೆ ಕೈ ತುಕ್ಕು ಹಿಡಿಯುತ್ತೆ ಅಂತ ಎಲ್ಲರಿಗೂ ಗೊತ್ತು. ಒಂದೇ ಥರದ ಕೆಲಸ ಬಿಡುವಿಲ್ಲದೆ ಇದ್ರೂ ಕೈ ಜಡ್ಡುಗಟ್ಟುತ್ತೆ ಅನ್ನೋದನ್ನ ಯಾರೂ ಹೇಳಲ್ಲ.

[ಪರದೆ: ಬೆಂಗಳೂರಿನ ಹಳೆಯ ನಕ್ಷೆ, ಮೇಲೆ ಬರಹ: 1943]

ನಮ್ಮೂರಲ್ಲೇ ಓದಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ಕಥೆ ಹೇಳ್ತೀನಿ. 1943ರಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಅಂದ್ರೆ ನಾವು ಎಸ್‌ಜೆಪಿ ಅನ್ನೋ ಸಂಸ್ಥೆ ಶುರುವಾಯ್ತು. ಅಲ್ಲಿ ಸಿನಿಮಾಟೋಗ್ರಫಿ ಹೇಳಿಕೊಡ್ತಿದ್ರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂದದ್ದು 1960ರಲ್ಲಿ, ಲೆಕ್ಕ ಹಾಕಿ. ಆ ಸಿನಿಮಾ ವಿಭಾಗವೇ ಆಮೇಲೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಆಯ್ತು. ಎಸ್‌ಜೆಪಿಯ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು ಮೈಸೂರಿನ ಈ ಮೂರ್ತಿ. ಬೊಂಬಾಯಿಗೆ ಹೋಗಿ ಹಿಂದಿ ನಿರ್ದೇಶಕ ಗುರುದತ್ ಅವರ ಛಾಯಾಗ್ರಾಹಕರಾದ್ರು. ಭಾರತದ ಮೊದಲ ಸಿನಿಮಾಸ್ಕೋಪ್, ಅಂದ್ರೆ ಅಗಲ ಪರದೆಯ ಚಿತ್ರ 'ಕಾಗಜ್ ಕೆ ಫೂಲ್' 1959ರಲ್ಲಿ ಬಂತು. ಅದರ ಕ್ಯಾಮೆರಾ ಅವರದ್ದು. ಸ್ಟುಡಿಯೋ ಒಳಗೆ ಬೀಳೋ ಆ ಪ್ರಸಿದ್ಧ ಬೆಳಕಿನ ಕೋಲನ್ನ ಹೊರಗಿನ ಬಿಸಿಲಿಗೆ ಕನ್ನಡಿ ಹಿಡಿದು ತಂದ್ರು.

ಕಪ್ಪು ಬಿಳುಪಿನಲ್ಲೇ ಅವರ ಹೆಸರು ಆಕಾಶಕ್ಕೇರಿತ್ತು. ಅಲ್ಲೇ ನಿಂತುಬಿಡಬಹುದಿತ್ತು. ಆದ್ರೆ ಸ್ಕೋಪ್ ಬಂದಾಗ ಸ್ಕೋಪ್, ಕಲರ್ ಬಂದಾಗ ಕಲರ್. 1988ರಲ್ಲಿ ದೂರದರ್ಶನದಲ್ಲಿ 'ಭಾರತ್ ಏಕ್ ಖೋಜ್' ಬಂದಾಗ ಅವರಿಗೆ ಅರವತ್ತು ದಾಟಿತ್ತು, ಅದಕ್ಕೂ ಕ್ಯಾಮೆರಾ ಹಿಡಿದಿದ್ರು. ಅದೇ ಎಸ್‌ಜೆಪಿಯಲ್ಲಿ 1962ರಲ್ಲಿ ಓದು ಮುಗಿಸಿದ ನಿರ್ದೇಶಕ ಗೋವಿಂದ ನಿಹಲಾನಿ ಮೂರ್ತಿಯವರಿಗೇ ಅಸಿಸ್ಟೆಂಟ್ ಆಗಿದ್ದೋರು. ಮೂರ್ತಿಯವರಿಗೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಕೈಕೆಳಗಿನ ಸಾಧನ ಬದಲಾಗ್ತಾನೇ ಹೋಯ್ತು. ಅವರು ಹಿಡಿದುಕೊಂಡಿದ್ದು ಬೆಳಕನ್ನ, ಸಾಧನವನ್ನಲ್ಲ.

ನಮ್ಮ ಕಾಲದಲ್ಲಿ ಈ ಬದಲಾವಣೆ ಇನ್ನೂ ಬಿರುಸು. ಆರಿ ಅಲೆಕ್ಸಾ ಅನ್ನೋ ಡಿಜಿಟಲ್ ಕ್ಯಾಮೆರಾ ಬಂದದ್ದು 2010ರಲ್ಲಿ. ಫಿಲ್ಮ್ ತಯಾರಿಸ್ತಿದ್ದ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕ್ತು. ನೆಗೆಟಿವ್ ಕಟಿಂಗ್‌ನಲ್ಲಿ ಜೀವಮಾನ ಕಳೆದೋರಿಗೆ ಕೆಲವೇ ವರ್ಷದಲ್ಲಿ ಕೆಲಸವೇ ಇಲ್ಲದಂತಾಯ್ತು. ಅದೇ ಹೊತ್ತಿಗೆ ಕ್ಯಾಮೆರಾ ಕಾರ್ಡ್‌ನಿಂದ ಡೇಟಾ ಇಳಿಸಿ ಕಾಯೋ ಡಿಐಟಿ ಅನ್ನೋ ಹೊಸ ಕೆಲಸ ಹುಟ್ಟಿತು. ಡಬ್ಬಿಂಗ್ ವಿಷಯವೂ ಹಾಗೇ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನೋ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಡ್ತು. 2020ರ ಲಾಕ್‌ಡೌನ್‌ನಲ್ಲಿ ಮಹಾಭಾರತ ಸೀರಿಯಲ್ ಕನ್ನಡ ಮಾತಾಡ್ತಾ ಮನೆಮನೆಗೆ ಬಂತು. ಡಬ್ಬಿಂಗ್ ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ಆದ್ರೆ ತುಟಿಗೆ ಹೊಂದೋ ಹಾಗೆ ಸಂಭಾಷಣೆ ಬರೆಯೋಕೆ ಬರೋರು ಬೇಕಾದ್ರು. ಪ, ಬ, ಮ ಅನ್ನುವಾಗ ತುಟಿ ಮುಚ್ಚುತ್ತೆ. ಪರದೆ ಮೇಲೆ ತುಟಿ ಮುಚ್ಚಿದ ಜಾಗದಲ್ಲಿ ನಮ್ಮ ವಾಕ್ಯದಲ್ಲೂ ಅಂಥದ್ದೊಂದು ಅಕ್ಷರ ಕೂರಬೇಕು, ಕೂತರೂ ಅದು ಕನ್ನಡ ಅನ್ನಿಸಬೇಕು. ಕಥೆ ಬರೆಯೋಕೆ ಬಂದವರಿಗೆಲ್ಲ ಇದು ಬರಲ್ಲ, ಕೂತು ಅಭ್ಯಾಸ ಮಾಡಿದೋರಿಗೆ ಬಂತು.

[ಪರದೆ: ಎಡಿಟಿಂಗ್ ಟೈಮ್‌ಲೈನ್, ಎಡಕ್ಕೆ ಕ್ಯಾಮೆರಾ, ಬಲಕ್ಕೆ ಸ್ಪೀಕರ್ ಚಿತ್ರ]

ಹಾಗಾದ್ರೆ ಬಿಡುವಿನಲ್ಲಿ ಏನು ಕಲಿಯೋದು? ಎಲ್ಲಾ ಕಲೀತೀನಿ ಅಂತ ಹೊರಟ್ರೆ ಏನೂ ಉಳಿಯಲ್ಲ. ನನ್ನ ಸಲಹೆ ಇಷ್ಟು: ನಿಮಗಿಂತ ಹಿಂದಿನ ಮೇಜಿನ ಕೆಲಸ, ನಿಮಗಿಂತ ಮುಂದಿನ ಮೇಜಿನ ಕೆಲಸ. ಇವೆರಡರಲ್ಲಿ ಒಂದನ್ನ ಹಿಡೀರಿ.

ನೀವು ಎಡಿಟರ್ ಅಂದ್ಕೊಳ್ಳಿ. ಹಿಂದಿನ ಮೇಜು ಅಂದ್ರೆ ಡಿಐಟಿ. ಕಾರ್ಡ್ ಕಾಪಿ ಮಾಡಿದ ಮೇಲೆ ಚೆಕ್‌ಸಮ್ ಹಾಕಿ ಎರಡೂ ಕಡೆಯ ಫೈಲ್ ಒಂದೇನಾ ಅಂತ ತಾಳೆ ನೋಡೋದು, ಮೂರು ಪ್ರತಿ ಇಟ್ಟು ಒಂದನ್ನ ಬೇರೆ ಕಟ್ಟಡದಲ್ಲಿಡೋದು. ಮುಂದಿನ ಮೇಜು ಅಂದ್ರೆ ಸೌಂಡ್ ಮತ್ತು ಬಣ್ಣ ತಿದ್ದೋ ಡಿಐ. ಸೌಂಡ್‌ನಲ್ಲಿ ಲೌಡ್‌ನೆಸ್, ಅಂದ್ರೆ ಸದ್ದು ಕಿವಿಗೆ ಎಷ್ಟು ಜೋರು ಅನ್ನೋದು, ಅದೊಂದನ್ನ ತಿಳ್ಕೊಂಡ್ರೂ ನಿಮ್ಮ ಬೆಲೆ ಏರುತ್ತೆ. ಇದನ್ನ ಅಳೆಯೋದು ಎಲ್‌ಯುಎಫ್‌ಎಸ್ ಅನ್ನೋ ಮಾನದಲ್ಲಿ. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾದದ್ದನ್ನ ತಾನೇ ತಗ್ಗಿಸುತ್ತೆ. ಯುರೋಪಿನ ಪ್ರಸಾರ ಮಾನದಂಡ ಮೈನಸ್ 23. ನೆಟ್‌ಫ್ಲಿಕ್ಸ್ ಕೇಳೋದು ಮಾತಿನ ಮಟ್ಟ ಮೈನಸ್ 27. ಒಂದೇ ಮಿಕ್ಸನ್ನ ಮೂರೂ ಕಡೆ ಕಳಿಸಿದ್ರೆ ಎಲ್ಲೋ ಒಂದು ಕಡೆ ವಾಪಸ್ ಬರುತ್ತೆ. ಇದನ್ನ ಮೊದಲೇ ಕೇಳಿ ತಿಳ್ಕೊಳ್ಳೋ ಎಡಿಟರ್‌ನ ಮತ್ತೆ ಕರೆಯೋಕೆ ನಿರ್ಮಾಪಕರಿಗೆ ಗಟ್ಟಿ ಕಾರಣ ಸಿಗುತ್ತೆ.

ಇದಕ್ಕೆ ದುಡ್ಡು ಬೇಕು ಅನ್ನೋದು ಬಹುಪಾಲು ತಪ್ಪು ಕಲ್ಪನೆ. ಡಾವಿಂಚಿ ರಿಸಾಲ್ವ್ ಅನ್ನೋ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲಿ ಎಡಿಟ್, ಕಲರ್, ಸೌಂಡ್ ಮೂರೂ ಇದೆ, ಅಲ್ಟ್ರಾ ಎಚ್‌ಡಿ ತನಕ ಕೆಲಸ ಮಾಡಬಹುದು, ಲೌಡ್‌ನೆಸ್ ಮೀಟರ್ ಕೂಡ ಇದೆ. ತಯಾರಕರಾದ ಬ್ಲ್ಯಾಕ್‌ಮ್ಯಾಜಿಕ್ ತರಬೇತಿ ಪುಸ್ತಕಗಳನ್ನೂ ಅಭ್ಯಾಸದ ಫೈಲ್‌ಗಳನ್ನೂ ತಮ್ಮ ಸೈಟ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಆರಿ, ರೆಡ್ ಕಂಪನಿಗಳು ತಮ್ಮ ಕ್ಯಾಮೆರಾಗಳ ಸ್ಯಾಂಪಲ್ ಫೂಟೇಜ್ ಕೊಡ್ತವೆ. ದೊಡ್ಡ ಕ್ಯಾಮೆರಾದ ಫೈಲ್ ಮುಟ್ಟೋಕೆ ದೊಡ್ಡ ಸಿನಿಮಾ ಸಿಗೋ ತನಕ ಕಾಯಬೇಕಿಲ್ಲ.

ಕನ್ನಡದಲ್ಲಿ ಕೆಲಸ ಮಾಡೋರು ಕಲೀಲೇಬೇಕಾದ ಇನ್ನೊಂದಿದೆ: ಟೈಟಲ್ ಮತ್ತು ಸಬ್‌ಟೈಟಲ್. ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದ ಟೈಟಲ್ ಕಾರ್ಡ್‌ಗಳನ್ನ ಈಗಲೂ ನೋಡ್ತೀವಲ್ಲ, ಹೊಟ್ಟೆ ಉರಿಯುತ್ತೆ. ಪ್ರೀಮಿಯರ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ಗ್ರಾಫಿಕ್ಸ್ ಅನ್ನೋದರಲ್ಲಿ ಟೆಕ್ಸ್ಟ್ ಎಂಜಿನ್ ಅನ್ನ ಸೌತ್ ಏಷ್ಯನ್ ಅಂತ ಇರೋದಕ್ಕೆ ಬದಲಿಸಿ, ಯೂನಿಕೋಡ್ ಫಾಂಟ್ ಹಾಕಿ, ಅಕ್ಷರ ಸರಿಯಾಗಿ ಕೂರುತ್ತೆ. ಹಳೇ ನುಡಿ ಫಾಂಟ್‌ನಲ್ಲಿ ಬಂದ ಸ್ಕ್ರಿಪ್ಟ್‌ನ ಯೂನಿಕೋಡ್‌ಗೆ ಬದಲಿಸಿದ ಮೇಲೆ ಅರ್ಕಾವತ್ತುಗಳನ್ನ ಒಂದೊಂದಾಗಿ ಕಣ್ಣಲ್ಲಿ ನೋಡಿ. ನಮ್ಮ ಭಾಷೆ ಪರದೆ ಮೇಲೆ ಸರಿಯಾಗಿ ಕಾಣೋ ಹಾಗೆ ಮಾಡೋದು ನಮ್ಮದೇ ಕೆಲಸ.

[ಪರದೆ: ಲಾಲ್‌ಬಾಗ್‌ನಲ್ಲಿ ಅಳತೆ ಟೇಪ್ ಹಿಡಿದ ಯುವತಿ]

ಹೊಸದು ಕಲಿಯೋದು ಒಂದು ಕಡೆ. ಇರೋದನ್ನ ಉಳಿಸಿಕೊಳ್ಳೋದು ಇನ್ನೊಂದು. ಕಛೇರಿ ಇಲ್ಲ ಅಂತ ಸಂಗೀತಗಾರರು ಅಭ್ಯಾಸ ನಿಲ್ಲಿಸಲ್ಲ. ನಮ್ಮಲ್ಲಿ ಮಾತ್ರ ಶೂಟಿಂಗ್ ಇಲ್ಲ ಅಂದ್ರೆ ಕೈಕಟ್ಟಿ ಕೂರೋದು ರೂಢಿಯಾಗಿದೆ. ಫೋಕಸ್ ಪುಲ್ಲರ್ ಆಗಿದ್ರೆ ಒಂದು ಟೇಪ್ ತಗೊಂಡು ಲಾಲ್‌ಬಾಗ್‌ಗೆ ಹೋಗಿ. ಆ ಮರ ಎಷ್ಟು ಅಡಿ? ಮೊದಲು ಬಾಯಲ್ಲಿ ಹೇಳಿ, ಆಮೇಲೆ ಅಳೀರಿ. ನಡ್ಕೊಂಡು ಬರೋ ಸ್ನೇಹಿತರನ್ನ ನೋಡ್ತಾ ಹನ್ನೆರಡು, ಹತ್ತು, ಎಂಟು ಅಂತ ಎಣಿಸಿ. ಮಾನಿಟರ್ ನೋಡಿಯೇ ಫೋಕಸ್ ಎಳೆಯೋ ಕಾಲ ಇದು, ನಿಜ. ಆದ್ರೆ ವೈರ್‌ಲೆಸ್ ಸಿಗ್ನಲ್ ಕೈಕೊಟ್ಟಾಗ ಉಳಿಯೋದು ಕಣ್ಣಳತೆ.

ಎಡಿಟರ್‌ಗಳು ಸ್ನೇಹಿತರ ಕಿರುಚಿತ್ರದ ರಷಸ್, ಅಂದ್ರೆ ಇನ್ನೂ ಕತ್ತರಿಸದ ಫೂಟೇಜ್, ಕೇಳಿ ತಗೊಂಡು ಒಂದೇ ದೃಶ್ಯವನ್ನ ಬೇರೆ ಬೇರೆ ಥರ ಕತ್ತರಿಸಿ. ಒಮ್ಮೆ ಒಂದೂ ಮಾತಿಲ್ಲದೆ. ಒಮ್ಮೆ ಮಾತಾಡೋರ ಮುಖವನ್ನೇ ತೋರಿಸದೆ, ಕೇಳಿಸಿಕೊಳ್ಳೋರ ಮೇಲೇ ಇಡೀ ದೃಶ್ಯ. ಇನ್ನೊಮ್ಮೆ ಮ್ಯೂಸಿಕ್ ಇಲ್ಲದೆ, ಬರೀ ಮಿಕ್ಸಿ ಸದ್ದು, ಗೇಟಿನ ಸದ್ದು. ಪ್ರೊಡಕ್ಷನ್‌ನವರ ರಷಸ್ ಅನ್ನ ಮಾತ್ರ ಯಾವ ಕಾರಣಕ್ಕೂ ಮನೆಗೆ ತರಬೇಡಿ. ಅದು ನಿಮ್ಮದಲ್ಲ, ಸೋರಿಹೋದ್ರೆ ನಿಮ್ಮ ಹೆಸರಿನ ಜೊತೆ ಇಡೀ ತಂಡದ ದುಡಿಮೆ ಹೋಗುತ್ತೆ.

ಅಸಿಸ್ಟೆಂಟ್ ಡೈರೆಕ್ಟರ್‌ಗಳಿಗೆ ಇನ್ನೂ ಸುಲಭ. ಯಾವುದಾದ್ರೂ ಸಣ್ಣಕಥೆ ತಗೊಂಡು ದೃಶ್ಯ ಬಿಡಿಸಿ, ಪಾತ್ರ, ಲೊಕೇಶನ್, ಪ್ರಾಪರ್ಟಿ (ದೃಶ್ಯಕ್ಕೆ ಬೇಕಾದ ಸಾಮಾನು), ಹಗಲು-ರಾತ್ರಿ ಬರ್ಕೊಂಡು ಶೆಡ್ಯೂಲ್ ಹಾಕಿ. ಇದಕ್ಕೆ ಪೆನ್ನು ಹಾಳೆ ಸಾಕು.

ಒಬ್ಬರೇ ಕೂತು ಮಾಡೋದಕ್ಕೆ ಮಿತಿ ಇದೆ. ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿ 1971ರಿಂದ ಸಿನಿಮಾ ತೋರಿಸಿ ಚರ್ಚೆ ಮಾಡಿಸ್ತಾ ಬಂದಿದೆ. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಸಿನಿಮಾ ನೋಡಿ ಹೊರಗೆ ಬಂದು ಗಲಾಟೆ ಮಾಡ್ತಾ ಚರ್ಚಿಸೋದೂ ಪಾಠವೇ. ಬೇರೆ ವಿಭಾಗದೋರ ಜೊತೆ ಕೂತು ನೋಡಿ, ಸೌಂಡ್‌ನೋರ ಪಕ್ಕ ಕೂತ್ರೆ ಬೇರೆಯೇ ಸಿನಿಮಾ ಕೇಳಿಸುತ್ತೆ.

ಈಗ ಬಿಟ್ಟಿ ಕೆಲಸದ ಬಗ್ಗೆ. "ಪೇಮೆಂಟ್ ಇಲ್ಲ, ಆದ್ರೆ ಕಲಿಯೋಕೆ ಸಿಗುತ್ತೆ" ಅಂತ ಕರೀತಾರೆ. ನಿಮಗೆ ಈಗಾಗಲೇ ಯಾವ ಕೆಲಸಕ್ಕೆ ದುಡ್ಡು ಬರ್ತಿದೆಯೋ ಅದನ್ನ ಬಿಟ್ಟಿ ಮಾಡಬೇಡಿ. ಅದರಿಂದ ನೀವೂ ಏನೂ ಕಲಿಯಲ್ಲ, ನಿಮ್ಮ ಜೊತೆಯವರ ರೇಟೂ ಇಳಿಯುತ್ತೆ. ಇದುವರೆಗೆ ಮಾಡದ ಹೊಸ ಕೆಲಸ ಕೊಡ್ತಾರೆ, ಸ್ನೇಹಿತರ ಸಣ್ಣ ಪ್ರಾಜೆಕ್ಟ್, ಅದಕ್ಕೂ ಕೊನೇ ದಿನ ಅಂತ ಒಂದಿದೆ ಅಂದ್ರೆ ಹೋಗಿ. ಊಟ, ಓಡಾಟದ ಖರ್ಚಾದ್ರೂ ಕೇಳಿ.

ಇದನ್ನೆಲ್ಲ ಕೇಳ್ತಾ ಕೆಲವರಿಗೆ ಸಿಟ್ಟು ಬಂದಿರಬಹುದು. ಹದಿನಾಲ್ಕು ಗಂಟೆ ಕಾಲ್‌ಶೀಟ್ ಮುಗಿಸಿ ಬಂದೋರಿಗೆ ಅಭ್ಯಾಸ ಮಾಡಿ ಅನ್ನೋದು ಅನ್ಯಾಯ, ಒಪ್ತೀನಿ. ಶೂಟಿಂಗ್ ದಿನಗಳಲ್ಲಿ ನಿದ್ದೆ ಮಾಡಿ, ಅಷ್ಟೇ. ಅದಕ್ಕೇ ನಾನು ಬಿಡುವಿನ ವಾರಗಳ ಬಗ್ಗೆ ಮಾತಾಡ್ತಿರೋದು. ಪೇಮೆಂಟ್ ತಡವಾಗೋದು ಈ ಫೀಲ್ಡ್‌ನಲ್ಲಿ ಎಲ್ಲರಿಗೂ ಗೊತ್ತಿರೋದೇ, ಹಾಗಾಗಿ ಬಂದಾಗಲೇ ಒಂದು ಪಾಲು ಎತ್ತಿಟ್ರೆ ಮುಂದಿನ ಬಿಡುವಿನಲ್ಲಿ ಬಾಡಿಗೆಯ ಚಿಂತೆ ಇಲ್ಲದೆ ಒಂದೆರಡು ವಾರ ಕೂತು ಕಲಿಯಬಹುದು. ಮನೆಯವರಿಗೂ ಇದು ರಜೆಯಲ್ಲ ಅಂತ ಬಿಡಿಸಿ ಹೇಳಿ.

[ಪರದೆ: ಫೋನ್‌ನಲ್ಲಿ ಟೈಪ್ ಆಗ್ತಿರೋ ಮೆಸೇಜ್]

ಕೊನೇದಾಗಿ, ಕಲಿತದ್ದನ್ನ ತೋರಿಸಬೇಕು. ಇಲ್ಲದಿದ್ರೆ ಮತ್ತೆ ಹಳೇ ಕೆಲಸಕ್ಕೇ ಕರೀತಾರೆ. ಶೋರೀಲ್, ಅಂದ್ರೆ ನಿಮ್ಮ ಕೆಲಸದ ತುಣುಕುಗಳ ವಿಡಿಯೋ, ಎರಡು ನಿಮಿಷ ದಾಟೋದು ಬೇಡ, ಹೊಸ ಕೆಲಸ ಮೊದಲು ಬರಲಿ, ಪ್ರತಿ ತುಣುಕಿನಲ್ಲೂ ನೀವು ಮಾಡಿದ್ದೇನು ಅಂತ ಕನ್ನಡದಲ್ಲೇ ಬರೀರಿ. ಅಭ್ಯಾಸಕ್ಕೆ ಮಾಡಿದ್ದು ಅಂದ್ರೆ ಅಭ್ಯಾಸ ಅಂತಲೇ ಬರೀರಿ. ಪ್ರೊಡಕ್ಷನ್‌ನ ಫೂಟೇಜ್ ಬಳಸೋದಾದ್ರೆ ಅನುಮತಿ ಬೇಕು, ಅದನ್ನ ಕೆಲಸ ಒಪ್ಪಿಕೊಳ್ಳುವಾಗಲೇ ಕೇಳೋದು ವಾಸಿ. ಒಂದು ವಾಟ್ಸ್ಯಾಪ್ ಸಾಕು, ಪರದೆ ಮೇಲಿದೆ, ಹಾಗೇ ಬರ್ಕೊಳ್ಳಿ: "ಸರ್, ಪ್ರಾಜೆಕ್ಟ್ ರಿಲೀಸ್ ಆದ ಮೇಲೆ ನಾನು ಮಾಡಿದ ಭಾಗದಿಂದ ಮೂವತ್ತು ಸೆಕೆಂಡ್ ನನ್ನ ಶೋರೀಲ್‌ನಲ್ಲಿ ಬಳಸ್ಕೊಳ್ಳಬಹುದಾ? ಒಪ್ಪಿಗೆ ಇದ್ರೆ ಇಲ್ಲೇ ಒಂದು ಮೆಸೇಜ್ ಹಾಕಿ." ಬಂದ ಉತ್ತರದ ಸ್ಕ್ರೀನ್‌ಶಾಟ್ ತೆಗೆದು ಕಾಲ್‌ಶೀಟ್ ಜೊತೆಗೇ ಎತ್ತಿಡಿ.